ಬೀಗ ಬಿದ್ದ ಕಟ್ಟಡಕ್ಕೆ ಮೊದಲು ಬೇಕಿರುವುದು ಅಧ್ಯಯನ

ಕಲಬುರಗಿಯ ಹಳೆಯ ಬಡಾವಣೆಯೊಂದರ ನಿವಾಸಿಗಳು ಮಹಾನಗರ ಪಾಲಿಕೆಗೆ ಕೊಡಬೇಕೆಂದಿದ್ದ ಮನವಿಯ ಕರಡನ್ನು ನನಗೆ ತೋರಿಸಿದರು. ಅವರ ಬೀದಿಯ ತುದಿಯಲ್ಲಿದ್ದ ಸರ್ಕಾರಿ ಕಚೇರಿ ಬೇರೆಡೆಗೆ ಹೋದ ಮೇಲೆ ಕಟ್ಟಡಕ್ಕೆ ಬೀಗ ಬಿದ್ದಿದೆ. ‘ಇದನ್ನು ಗ್ರಂಥಾಲಯ ಮಾಡಿ’ ಎಂಬುದೊಂದೇ ಅವರ ಬೇಡಿಕೆ. ‘ಮರುಬಳಕೆಯ ಬಗ್ಗೆ ಅಧ್ಯಯನ ಮಾಡಿಸಿ, ವರದಿ ಬರುವವರೆಗೆ ಕೆಡವಬೇಡಿ’ ಎಂದು ಬದಲಿಸಿರಿ ಎಂದೆ. ಹಿರಿಯರೊಬ್ಬರಿಗೆ ಅದು ಹಿಡಿಸಲಿಲ್ಲ. “ಅಧ್ಯಯನ ಎಂದರೆ ಕಡತ ಕಪಾಟು ಸೇರಿದಂತೆಯೇ ಅಲ್ಲವೇ, ಸರ್?” ಎಂದರು. ಏನನ್ನು ಪರೀಕ್ಷಿಸಬೇಕೆಂದು ಹೇಳದಿದ್ದರೆ ಕಪಾಟು ಸೇರುವುದು ನಿಜವೇ. ಕಟ್ಟಡಗಳ ಗಟ್ಟಿತನ ನೋಡುವುದೇ ನನ್ನ ಕೆಲಸವಾದ್ದರಿಂದ, ಅವರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತಿದ್ದೇನೆ.

ಗ್ರಂಥಾಲಯವನ್ನೇ ತೆಗೆದುಕೊಳ್ಳಿ. ಭಾರತೀಯ ಮಾನಕ ಐಎಸ್ 875ರ ಪ್ರಕಾರ, ಕಡತಗಳಿಗೆ ಬೇರೆ ಕೋಣೆಯಿರುವ ಕಚೇರಿಯ ಮಹಡಿ ಚದರ ಮೀಟರಿಗೆ ಸುಮಾರು 250 ಕಿಲೋ ಭಾರ ಹೊರುವಂತಿದ್ದರೆ ಸಾಕು. ಪುಸ್ತಕಗಳ ಕಪಾಟು ಸಾಲಾಗಿ ನಿಲ್ಲುವ ಕೋಣೆಗೆ ಅದು ಸುಮಾರು 600 ಕಿಲೋ, ಕಪಾಟು ಎತ್ತರವಾದಷ್ಟೂ ಇನ್ನೂ ಹೆಚ್ಚು. ಗ್ರಂಥಾಲಯವೇ ಬೇಕೆಂದು ಹಟ ಹಿಡಿದರೆ, ‘ಮೇಲ್ಮಹಡಿ ತಡೆಯುವುದಿಲ್ಲ’ ಎಂಬ ಒಂದೇ ಷರಾದಿಂದ ಇಡೀ ಕಟ್ಟಡವೇ ಕೈತಪ್ಪುತ್ತದೆ. ಪುಸ್ತಕಗಳನ್ನು ನೆಲಮಹಡಿಯಲ್ಲಿಟ್ಟು ಮೇಲೆ ಓದುವ ಕೋಣೆ ಮಾಡಬಹುದೇ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಆ ಲೆಕ್ಕ ಹಾಕಿಸುವುದೇ ಅಧ್ಯಯನ.

ನಮ್ಮ ಭಾಗದಲ್ಲಿ ಕಟ್ಟಡಗಳಿಗೆ ಮರಣಶಾಸನ ಬರೆಸುವುದು ಬಿರುಕು. ಇಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ತಳಪಾಯ ಸಾಕಷ್ಟು ಆಳವಿಲ್ಲದಿದ್ದರೆ ಗೋಡೆಯೂ ಅದರೊಂದಿಗೆ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಮೇ ತಿಂಗಳಲ್ಲಿ ಬೆರಳು ತೂರುವಷ್ಟು ಬಾಯಿ ತೆರೆದಿರುತ್ತದೆ, ಸೆಪ್ಟೆಂಬರಿನಲ್ಲಿ ಕೂದಲೆಳೆಯಷ್ಟಾಗಿರುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಬಂದು ನೋಡಿದವರು ‘ಶಿಥಿಲ’ ಎಂದು ಬರೆದು ಹೋಗುತ್ತಾರೆ. ನಾವು ಮಾಡುವುದು ಇಷ್ಟೇ: ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯುತ್ತೇವೆ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಬಿರುಕಿನ ಅಗಲವನ್ನು ತಿಂಗಳಿಗೊಮ್ಮೆ ಅಳೆದರೆ, ಅದು ಋತುವಿನೊಂದಿಗೆ ಬಂದು ಹೋಗುವುದೋ ವರ್ಷದಿಂದ ವರ್ಷಕ್ಕೆ ಬೆಳೆಯುವುದೋ ಗೊತ್ತಾಗುತ್ತದೆ. ಮೊದಲನೆಯದಕ್ಕೆ ದುರಸ್ತಿ ಇದೆ. ಎರಡನೆಯದಕ್ಕೆ ತಳಪಾಯವನ್ನೇ ಅಗೆದು ನೋಡಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ಕಾಣದ ವರದಿಯನ್ನು ನಾನು ನಂಬುವುದಿಲ್ಲ.

ಹಳೆಯ ಕಟ್ಟಡವೆಂದರೆ ಕಣ್ಣು ಮುಚ್ಚಿಕೊಂಡು ಉಳಿಸಬೇಕೆಂದು ನಾನು ಹೇಳುತ್ತಿಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಜನರ ಮೇಲೆ ಕುಸಿದು ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೇ. ಅವುಗಳ ಹೊರಮುಖ ಒಳಮುಖಗಳನ್ನು ಬೆಸೆಯುವ ಉದ್ದಕಲ್ಲುಗಳಿರಲಿಲ್ಲ. ಅಂಥ ಕಲ್ಲುಗಳು ಇವೆಯೇ, ಗಾರೆ ಸುಣ್ಣದ್ದೋ ಮಣ್ಣಿನದ್ದೋ ಎಂಬುದನ್ನು ನಮ್ಮ ಶಹಾಬಾದ್ ಕಲ್ಲಿನ ಕಟ್ಟಡಗಳಲ್ಲಿಯೂ ಗೋಡೆ ಬಿಚ್ಚಿಯೇ ನೋಡಬೇಕು. ಕಾಂಕ್ರೀಟ್ ಕಟ್ಟಡವಾದರೆ ಪರೀಕ್ಷೆ ಬೇರೆ. ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಾರದ, ಎಂದರೆ ಕ್ಷಾರ ಕಳೆದುಕೊಂಡ ಪದರ ಒಳಗಿನ ಕಬ್ಬಿಣದ ಸರಳಿನವರೆಗೆ ಇಳಿದಿದ್ದರೆ ತುಕ್ಕಿನ ಭಯವಿದೆ.

ಮರುಬಳಕೆ ನಮ್ಮೂರಿಗೆ ಹೊಸದಲ್ಲ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದೇ ಬಹಮನಿ ಕಾಲದ ಗುಮ್ಮಟಗಳಲ್ಲಿ. ಬೇಸಿಗೆ 40 ಡಿಗ್ರಿ ದಾಟುವ ಊರಿನಲ್ಲಿ ಆ ದಪ್ಪ ಗೋಡೆಗಳ ನೆರಳು ಎಂಥ ಆಸ್ತಿ ಎಂದು ಒಳಗೆ ಕಾಲಿಟ್ಟವರಿಗೆ ತಿಳಿಯುತ್ತದೆ.

ಕಾಗದಪತ್ರದ ಮಾತೂ ಇದೆ. ಕಟ್ಟಡ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ಉತಾರ (ಆಸ್ತಿ ದಾಖಲೆಯ ನಕಲು) ತೆಗೆಸಿ ನೋಡಿರಿ. ಅದು ಇಲಾಖೆಯೊಂದರ ಆಸ್ತಿಯಾಗಿದ್ದರೆ ಪಾಲಿಕೆಯೊಂದೇ ನಿರ್ಧರಿಸಲಾಗದು, ಮನವಿಯ ಪ್ರತಿ ಜಿಲ್ಲಾಧಿಕಾರಿಗೂ ಹೋಗಬೇಕು. ಹಳೆಯ ನಕ್ಷೆ, ದುರಸ್ತಿಯ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ನಿಜಾಮರ ಕಾಲದ ದಾಖಲೆಗಳು ಉರ್ದುವಿನಲ್ಲಿರುವುದರಿಂದ ಓದಬಲ್ಲ ಹಿರಿಯರನ್ನು ಜೊತೆಗಿಟ್ಟುಕೊಳ್ಳಿರಿ. ವರದಿಯಲ್ಲಿ ಮೂರು ವೆಚ್ಚಗಳು ಅಕ್ಕಪಕ್ಕದಲ್ಲಿ ಇರಬೇಕೆಂದು ಕೇಳಿರಿ: ದುರಸ್ತಿ ಮಾಡಿ ಬಳಸುವುದು, ಕೆಡವಿ ಹೊಸದು ಕಟ್ಟುವುದು, ಹೀಗೆಯೇ ಐದು ವರ್ಷ ಬಿಡುವುದು. ಮೂರನೆಯದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಆದರೆ ಖಾಲಿ ಕಟ್ಟಡ ಹಾಳಾಗುವುದು ಅದರಿಂದಲೇ.

ಹಾಗಾಗಿ ವರದಿಗೆ ಕಾಯದೆ ಈಗಲೇ ಆಗಬೇಕಾದ ಕೆಲಸಗಳನ್ನು ಮನವಿಯ ಕೊನೆಗೆ ಸೇರಿಸಿದೆವು. ಎಲೆ ಕಟ್ಟಿಕೊಂಡ ತಾರಸಿಯ ನೀರಿನ ಕೊಳವೆ ಬಿಡಿಸುವುದು, ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯನ್ನು ಬೇರುಸಹಿತ ತೆಗೆಯುವುದು, ಒಡೆದ ಕಿಟಕಿಗಳಿಗೆ ಜಾಲರಿ ಹಾಕುವುದು. ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಬಳಿಯಬಾರದು ಎಂಬ ಸಾಲನ್ನೂ ಬರೆಸಿದೆ, ಸಿಮೆಂಟ್ ತೇವವನ್ನು ಗೋಡೆಯೊಳಗೇ ಹಿಡಿದಿಡುತ್ತದೆ. ಗಾಜಿನ ಪಟ್ಟಿಗಳನ್ನು ಜೂನ್ ಮಳೆಗೆ ಮುಂಚೆಯೇ ಅಂಟಿಸಬೇಕು. ತಪ್ಪಿದರೆ ಅಧ್ಯಯನ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ.