ಕಾರ್ಬಾಲಿಕ್ ಯಾರದು? ಲಿಸ್ಟರ್ ಪತ್ರಗಳ ಜಾಡಿನಲ್ಲಿ

ಗಾಯ ಕೊಳೆಯದಂತೆ ಕಾರ್ಬಾಲಿಕ್ ಆಸಿಡ್ ಎಂಬ ಕ್ರಿಮಿನಾಶಕ ಬಳಸಿದ ಬ್ರಿಟಿಷ್ ಸರ್ಜನ್ ಜೋಸೆಫ್ ಲಿಸ್ಟರ್ ಹೆಸರು ಬಂದರೆ ಸಾಕು, ಆ ಹೆಗ್ಗಳಿಕೆ ಯಾರದು ಎಂಬ ಹಳೆಯ ಜಗಳವೊಂದು ಏಳುತ್ತದೆ. ಕಾರ್ಬಾಲಿಕ್ ಬಗ್ಗೆ ಪ್ಯಾರಿಸ್‌ನ ವೈದ್ಯ ಜೂಲ್ ಲೆಮೇರ್ ಮೊದಲೇ ಬರೆದಿದ್ದರಲ್ವಾ? ಹೌದು, ಬರೆದಿದ್ದರು. 1867ರಲ್ಲೇ ಈ ಮಾತು ಎದ್ದಿತ್ತು.

1846ರಲ್ಲಿ ಪ್ರಜ್ಞೆ ತಪ್ಪಿಸುವ ಈಥರ್ ಬಂದು ಆಪರೇಷನ್ನಿನ ನೋವು ಹೋಯಿತು. ಆದರೆ ಗಾಯ ಕೊಳೆತು ಸಾಯುವವರು ಸಾಯುತ್ತಲೇ ಇದ್ದರು. ಕೆಟ್ಟ ಗಾಳಿಯೇ ಕಾರಣ ಎಂದು ಬಹಳ ಜನ ನಂಬಿದ್ದರು.

ಲಿಸ್ಟರ್ ಆಗ ಗ್ಲಾಸ್ಗೋದಲ್ಲಿ ಸರ್ಜರಿ ಪ್ರೊಫೆಸರ್. ಕೊಳೆಯುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳು ಕಾರಣ ಎಂದು ತೋರಿಸಿದ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಅವರ ಕೆಲಸ ನೋಡಿ ಎಂದು ಅಲ್ಲಿನ ರಸಾಯನಶಾಸ್ತ್ರದ ಪ್ರೊಫೆಸರ್ ಥಾಮಸ್ ಆಂಡರ್ಸನ್ ಹೇಳಿದರು. ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿ ಚರಂಡಿ ನೀರಿನ ನಾತ ಹೋಗಲು ಕಾರ್ಬಾಲಿಕ್ ಬಳಸುತ್ತಾರೆಂಬ ಸುದ್ದಿಯೂ ಕಿವಿಗೆ ಬಿತ್ತು. 1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದರು. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಹರಿದಿತ್ತು. ಅಂಥ ಕಾಲನ್ನು ಕತ್ತರಿಸುವುದೇ ಆಗಿನ ಸಾಮಾನ್ಯ ದಾರಿ. ಲಿಸ್ಟರ್ ಕಾರ್ಬಾಲಿಕ್‌ನಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಆರು ವಾರಕ್ಕೆ ಮೂಳೆ ಕೂಡಿತು.

ಮುಂದಿನ ವರ್ಷದ ಮೇ ತಿಂಗಳಲ್ಲಿ ಇಂಥದ್ದೇ ಇನ್ನೊಂದು ಕಾಲಿನ ಬಗ್ಗೆ ತಂದೆಗೆ ಪತ್ರ ಬರೆದರು. ತಂದೆ ವೈನ್ ವ್ಯಾಪಾರಿ, ಜೊತೆಗೆ ಮೈಕ್ರೋಸ್ಕೋಪಿನ ಲೆನ್ಸ್ ಸುಧಾರಿಸಿ ಹೆಸರಾದವರು. ಕಣ್ಣಿಗೆ ಕಾಣದ ಜೀವಿಗಳನ್ನು ನಂಬಲು ಮಗನಿಗೆ ಕಷ್ಟವಾಗದಿದ್ದದ್ದು ಸುಮ್ನೆ ಅಲ್ಲ.

ಲೆಮೇರ್ ಹೆಸರೆತ್ತಿದ ಟೀಕೆಗೆ ಲಿಸ್ಟರ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಹೆಚ್ಚುಗಾರಿಕೆ ಆಸಿಡ್‌ನದಲ್ಲ, ಕೊಳೆಯದಂತೆ ಕಾಪಾಡಿದರೆ ದೇಹ ತಾನೇ ವಾಸಿಮಾಡಿಕೊಳ್ಳುತ್ತದೆ ಎಂದರು. ಜಗಳದ ಬುಡವೇ ಇಲ್ಲಿ ಸಡಿಲವಾಗುತ್ತದೆ. ಅವರ ವಾರ್ಡುಗಳಲ್ಲಿ ಮೊದಲು ಕೈಕಾಲು ಕತ್ತರಿಸಿಕೊಂಡ 35 ಜನರಲ್ಲಿ 16 ಜನ ಸತ್ತಿದ್ದರು. ಹೊಸ ವಿಧಾನ ಬಂದ ಮೇಲೆ, 1867–69ರಲ್ಲಿ, 40 ಜನರಲ್ಲಿ 6 ಜನ.

ಆಮೇಲೆ ಎಡಿನ್‌ಬರೋ, ಲಂಡನ್, ಲಾರ್ಡ್ ಪದವಿ. ವಿಧಾನ ಮಾತ್ರ ಬದಲಾಗುತ್ತಲೇ ಇತ್ತು. ಗಾಳಿಗೆ ಕಾರ್ಬಾಲಿಕ್ ಸಿಂಪಡಿಸುವ ಸ್ಪ್ರೇ 1871ರಲ್ಲಿ ಬಂತು. 1890ರಲ್ಲಿ ಅದು ಬೇಕಿರಲಿಲ್ಲ ಎಂದು ಅವರೇ ಎಲ್ಲರೆದುರು ಒಪ್ಪಿಕೊಂಡರು. ಇದನ್ನು ಚಂಚಲತೆ ಎಂದವರಿದ್ದರು. ಕಲಿಯುವುದು ಅಂದರೆ ಇದೇ ಅಲ್ವಾ?

1874ರಲ್ಲಿ ಲಿಸ್ಟರ್ ಪಾಶ್ಚರ್‌ಗೂ ಕೃತಜ್ಞತೆಯ ಪತ್ರ ಬರೆದರು. ಹೀಗೆ ಸಾಲ ಒಪ್ಪಿಕೊಳ್ಳುವ ಮನುಷ್ಯನ ಕತೆಯಲ್ಲಿ ಒಂದು ಹೆಸರು ಜಾಸ್ತಿ ಕೇಳಿಸುವುದಿಲ್ಲ: ಹೆಂಡತಿ ಆಗ್ನೆಸ್. ಮನೆಯಲ್ಲಿ ನಡೆದ ಪ್ರಯೋಗಗಳಲ್ಲಿ ಆಕೆ ಜೊತೆಗಿದ್ದರು. ಆ ಟಿಪ್ಪಣಿ ಪುಸ್ತಕಗಳಲ್ಲಿ ಪುಟಗಟ್ಟಲೆ ಆಕೆಯ ಕೈಬರಹವಿದೆ.