ವಿಯೆಟ್ನಾಂ ಬೆಳೆದರೆ ನಮ್ಮ ಮಕ್ಕಳಿಗೆ ಕೆಲಸ ಉಳಿದೀತೇ?

ಪ್ರಶ್ನೆ: ಚೀನಾ, ವಿಯೆಟ್ನಾಂನಂಥ ದೇಶಗಳು ಇಷ್ಟು ವೇಗವಾಗಿ ಬೆಳೆಯುತ್ತಿವೆ. ನನ್ನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಮಗಳು ಪಿಯುಸಿಯಲ್ಲಿದ್ದಾಳೆ. ಇವರು ಓದು ಮುಗಿಸುವ ಹೊತ್ತಿಗೆ ಇಲ್ಲಿ ಕೆಲಸ ಉಳಿದಿರುತ್ತದೆಯೇ?

ಉತ್ತರ: ಜಗತ್ತಿನಲ್ಲಿ ಇರುವುದು ಇಂತಿಷ್ಟೇ ಕೆಲಸ, ಒಬ್ಬರು ಹೆಚ್ಚು ಬಾಚಿಕೊಂಡರೆ ಉಳಿದವರಿಗೆ ಕಡಿಮೆಯಾಗುತ್ತದೆ ಎಂಬ ಎಣಿಕೆ ನಿಮ್ಮ ಪ್ರಶ್ನೆಯ ಹಿಂದಿದೆ. ಅದು ಸರಿಯಲ್ಲ, ಬೆಳೆಯುವ ದೇಶ ಮಾರುವುದರ ಜೊತೆಗೆ ಕೊಳ್ಳತೊಡಗುತ್ತದೆ. ಹಾಗೆಂದು ಆತಂಕಕ್ಕೆ ಕಾರಣವೇ ಇಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲಾಭ ದೇಶದ ತುಂಬ ತೆಳುವಾಗಿ ಹರಡುತ್ತದೆ, ನಷ್ಟ ಮಾತ್ರ ಕೆಲವೇ ಊರುಗಳ, ಕೆಲವೇ ಕಸುಬುಗಳ ಮೇಲೆ ಒಟ್ಟಾಗಿ ಬೀಳುತ್ತದೆ.

ಇದನ್ನು ಅಮೆರಿಕ ಕಂಡಿದೆ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ಅಗ್ಗದ ಚೀನೀ ಸರಕಿನಿಂದಾಗಿ 1999 ಮತ್ತು 2011ರ ನಡುವೆ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋದವೆಂದು ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಅವರ ಸಂಗಡಿಗರು ಅಂದಾಜಿಸಿದರು. ಪೀಠೋಪಕರಣ ತಯಾರಿಕೆಯನ್ನೇ ನೆಚ್ಚಿದ್ದ ಉತ್ತರ ಕೆರೊಲಿನಾದ ಊರುಗಳಂಥವು ಬಹುಕಾಲ ಚೇತರಿಸಿಕೊಳ್ಳಲಿಲ್ಲ. ಅದೇ ಚೀನಾಕ್ಕೆ ಯಂತ್ರೋಪಕರಣ ಮಾರಿದ ಜರ್ಮನಿಯ ಕಾರ್ಖಾನೆಗಳಲ್ಲಿ ಕೈತುಂಬ ಕೆಲಸವಿತ್ತು.

ಅಷ್ಟು ದೂರ ಹೋಗುವುದೂ ಬೇಡ. 2011ರ ಕೇಂದ್ರ ಬಜೆಟ್‌ನಲ್ಲಿ ಹೆಚ್ಚಾಗಿ ಚೀನಾದಿಂದಲೇ ಬರುತ್ತಿದ್ದ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಪೆಟ್ಟು ತಿಂದವರು ಹಿಪ್ಪುನೇರಳೆ ಬೆಳೆದವರು. ಅಗ್ಗದ ನೂಲು ಮಗ್ಗದವರಿಗೆ ಅನುಕೂಲವೇ ಆಗಿತ್ತು. ಬೆಳೆದ ಚೀನಾ ಒಂದೇ, ಅದರ ಪರಿಣಾಮ ಒಂದೇ ರಾಜ್ಯದೊಳಗೆ ಎರಡು ಬಗೆ.

ಆದ್ದರಿಂದ ಒಂದು ದೇಶ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎನ್ನುವುದಕ್ಕಿಂತ ಅಲ್ಲಿನ ಕೂಲಿ ಎಲ್ಲಿಗೆ ಮುಟ್ಟಿದೆ, ಜನರ ವಯಸ್ಸು ಏನಾಗಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ. ಚೀನಾದಲ್ಲಿ ಕೂಲಿ ಏರಿದೆ, 2022ರಿಂದ ಜನಸಂಖ್ಯೆಯೇ ಇಳಿಯುತ್ತಿದೆ. ಅಮೆರಿಕದೊಂದಿಗಿನ ವ್ಯಾಪಾರ ಜಗಳವೂ ಸೇರಿ, ಅಲ್ಲಿದ್ದ ಜೋಡಣೆ ಕೆಲಸದ ಒಂದು ಪಾಲು ಹೊರಬಂದಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ದೇವನಹಳ್ಳಿಯ ಸಮೀಪದಲ್ಲಿಯೂ ಐಫೋನ್ ತಯಾರಾಗುತ್ತಿರುವುದು ಅದರಿಂದಲೇ. ಆದರೆ ದೊಡ್ಡ ಪಾಲನ್ನು ಮೊದಲೇ ಪಡೆದದ್ದು ವಿಯೆಟ್ನಾಂ. ಸ್ಯಾಮ್‌ಸಂಗ್ ಬಾಕ್ ನಿನ್ ಪ್ರಾಂತ್ಯದಲ್ಲಿ 2009ರಲ್ಲಿಯೇ ಫೋನ್ ತಯಾರಿಸತೊಡಗಿತ್ತು. ಯುರೋಪಿನ ಒಕ್ಕೂಟದೊಂದಿಗೆ ವಿಯೆಟ್ನಾಂ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದ 2020ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಬಾಂಗ್ಲಾದೇಶದ ಉಡುಪಿಗೆ ಯುರೋಪಿನಲ್ಲಿ ಅದಕ್ಕೂ ಬಹಳ ಮೊದಲಿನಿಂದ ಸುಂಕವಿರಲಿಲ್ಲ. ಆಗ ಭಾರತದ ಉಡುಪು ಸುಂಕ ತೆತ್ತೇ ಒಳಹೋಗಬೇಕಿತ್ತು. ಪೀಣ್ಯದ ಗಾರ್ಮೆಂಟ್ಸ್‌ಗೆ ಬರಬಹುದಾಗಿದ್ದ ಆರ್ಡರ್ ಢಾಕಾಕ್ಕೆ ಹೋದಾಗ, ನಮ್ಮ ಹೆಣ್ಣುಮಕ್ಕಳ ಹೊಲಿಗೆಯಲ್ಲಿ ಕೊರತೆಯಿತ್ತೆಂದು ಅರ್ಥವಲ್ಲ. ಪರದೇಶದ ಬೆಳವಣಿಗೆಯ ಮೇಲೆ ನಾವು ಹೊರಿಸುವ ದೂರಿನಲ್ಲಿ ಒಂದಷ್ಟು ದೆಹಲಿಗೆ ಸಲ್ಲಬೇಕು.

ಬೆಳವಣಿಗೆಯೊಂದೇ ಒಂದು ದೇಶದ ಯುವಜನರನ್ನು ಕಾಯುತ್ತದೆ ಎಂದೂ ಇಲ್ಲ. 2023ರ ಜೂನ್‌ನಲ್ಲಿ ಚೀನಾದ ನಗರಗಳಲ್ಲಿ 16ರಿಂದ 24 ವರ್ಷದವರ ನಿರುದ್ಯೋಗ ಶೇ 21.3ಕ್ಕೆ ಮುಟ್ಟಿತು, ಮುಂದೆ ಕೆಲವು ತಿಂಗಳು ಸರ್ಕಾರ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಪದವೀಧರರು ಹೆಚ್ಚಿದ್ದರು, ಅವರು ಬಯಸಿದ ಬಗೆಯ ಕೆಲಸ ಕಡಿಮೆಯಿತ್ತು. ನಮ್ಮ ಪದವೀಧರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಮಕ್ಕಳ ವಿಷಯ. ಕಡಿಮೆ ಕೂಲಿಯೊಂದೇ ಆಕರ್ಷಣೆಯಾಗಿರುವ ಕೆಲಸ, ಇಲ್ಲಿ ಕೂಲಿ ಏರಿದಂತೆ ಮುಂದಿನ ದೇಶಕ್ಕೆ ಹೊರಡುತ್ತದೆ. ಜೋಡಣೆಯ ಸಾಲಿಗಿಂತ ಅದಕ್ಕೆ ಬೇಕಾದ ಅಚ್ಚು, ಡೈ, ಬಿಡಿಭಾಗಗಳನ್ನು ಮಾಡುವ ಕೆಲಸ ಅಷ್ಟು ಸುಲಭವಾಗಿ ಕದಲುವುದಿಲ್ಲ, ಏಕೆಂದರೆ ಅದನ್ನು ಕಲಿಯಲು ವರ್ಷಗಳು ಬೇಕು. ಮಗನಿಗೆ ಯಂತ್ರಗಳಲ್ಲಿ ಆಸಕ್ತಿಯಿದ್ದರೆ ಸರ್ಕಾರದ ಜಿಟಿಟಿಸಿ (ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ತರಬೇತಿಯನ್ನು ವಿಚಾರಿಸಿ. ಮಗಳಿಗೆ ಫೋನ್ ಕಾರ್ಖಾನೆಯ ಕರೆ ಬಂದರೆ ಬೇಡವೆನ್ನಬೇಕಾಗಿಲ್ಲ. ನೇಮಕ ಕಂಪನಿಯದೋ ಗುತ್ತಿಗೆದಾರನದೋ, ಪಿಎಫ್ ಯಾರು ಕಟ್ಟುತ್ತಾರೆ, ಸಾಲಿನಿಂದ ತಪಾಸಣೆಗೆ ಅಥವಾ ಯಂತ್ರ ನಿರ್ವಹಣೆಗೆ ಬಡ್ತಿ ಪಡೆಯುವ ದಾರಿ ಇದೆಯೇ ಎಂದು ಸೇರುವ ಮುನ್ನ ಕೇಳಿ ತಿಳಿದುಕೊಳ್ಳಲಿ.