ಮೂವರು ಬೊಗತೀರರು: ಮುಖ ಬಿಡಿ, ಕೈ ನೋಡಿ

ರಷ್ಯದ ಜನಪದ ವೀರಗಾಥೆಗಳು ಬಿಲೀನಾ, ಅವುಗಳ ವೀರರು ಬೊಗತೀರರು. ಕಥೆಗಳನ್ನು ಬದಿಗಿಟ್ಟು, ಆ ವೀರರ ಚಿತ್ರಗಳಿಗೇ ನೇರ ಬರುತ್ತೇನೆ.

ರಷ್ಯದ ಚಿತ್ರಕಾರ ವಿಕ್ಟರ್ ವಾಸ್ನೆತ್ಸೊವ್ 1881ರಿಂದ 1898ರವರೆಗೆ ಬಿಡಿಸುತ್ತಿದ್ದ ‘ಬೊಗತೀರರು’ ಈಗ ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ. ಅಗಲವೇ ಸುಮಾರು ನಾಲ್ಕೂವರೆ ಮೀಟರ್.

ಯಾರು ಯಾರು?

ನಡುವೆ ಕಪ್ಪು ಕುದುರೆಯ ಮೇಲಿರುವವನು ಇಲ್ಯಾ ಮುರೊಮೆತ್ಸ್. ಇದರಲ್ಲಿ ತಕರಾರಿಲ್ಲ. ಗೊಂದಲ ಉಳಿದಿಬ್ಬರದು, ದೊಬ್ರೀನ್ಯ ಮತ್ತು ಅಲ್ಯೋಶಾ. ‘ಇಲ್ಯಾನ ಬಲಕ್ಕೆ ದೊಬ್ರೀನ್ಯ’ ಎಂದು ಓದಿದರೆ ನಮ್ಮ ಕಣ್ಣು ಚಿತ್ರದ ಬಲತುದಿಗೆ ಓಡುತ್ತದೆ. ಆದರೆ ಇಲ್ಯಾ ನಮ್ಮತ್ತ ಮುಖ ಮಾಡಿದ್ದಾನೆ, ಅಲ್ವಾ? ಅವನ ಬಲ ನಮಗೆ ಎಡ. ಅಂದರೆ ದೊಬ್ರೀನ್ಯ ನಮ್ಮ ಎಡಗಡೆ, ಬಿಳಿ ಕುದುರೆ ಮೇಲೆ. ಅಲ್ಯೋಶಾ ನಮ್ಮ ಬಲಗಡೆ, ಕೆಂಗಂದು ಕುದುರೆ ಮೇಲೆ.

ಎಡ-ಬಲವೇ ಬೇಡ ಅನ್ನುವವರು ಕೈ ನೋಡಿ. ಕತ್ತಿ ಹಿರಿಯುತ್ತಿರುವವನು ದೊಬ್ರೀನ್ಯ. ಬಿಲ್ಲು ಹಿಡಿದವನು ಅಲ್ಯೋಶಾ. ಅವನ ಪಕ್ಕದಲ್ಲಿ ಗುಸ್ಲಿ ಎಂಬ ತಂತಿವಾದ್ಯವೂ ಇದೆ. ಪಾದ್ರಿಯ ಮಗ, ತೋಳಿಗಿಂತ ತಲೆ ಓಡಿಸುವುದೇ ಜಾಸ್ತಿ. ‘ಒಬ್ಬನೇ ಬರ್ತೀನಿ ಅಂದು ಸೈನ್ಯ ಕರ್ಕೊಂಡು ಬಂದಿದ್ದೀಯಲ್ಲ’ ಎಂದು ಶತ್ರು ತುಗಾರಿನ್‌ನನ್ನು ಹಿಂದೆ ತಿರುಗಿಸಿ, ಅಷ್ಟರಲ್ಲೇ ತಲೆ ಹಾರಿಸುವವನು ಇವನೇ.

ಇಲ್ಯಾನ ಬಲಗೈ

ನನಗೆ ತುಂಬಾ ಹಿಡಿಸಿದ್ದು ಈ ಕೈ. ಹಣೆಗೆ ಅಡ್ಡ ಹಿಡಿದು ದೂರ ನೋಡುತ್ತಿದ್ದಾನೆ. ಅದೇ ಮಣಿಕಟ್ಟಿನಿಂದ ಗದೆ ಸುಮ್ನೆ ನೇತಾಡುತ್ತಿದೆ. ಗಾಥೆಗಳಲ್ಲಿ ಅವನ ಗದೆ 90 ಪೂದ್ ತೂಗುತ್ತದೆ. ಒಂದು ಪೂದ್ ಅಂದರೆ 16 ಕಿಲೋಗೂ ಜಾಸ್ತಿ, ಒಟ್ಟು ಹತ್ತಿರ ಹತ್ತಿರ ಒಂದೂವರೆ ಟನ್! ಅಷ್ಟನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಬಿಸಿಲಿಗೆ ಕೈ ಮರೆ ಮಾಡುತ್ತಾನೆ. ಮುಖದಲ್ಲಿ ಆಯಾಸದ ಸುಳಿವೂ ಇಲ್ಲ. ಗಂಭೀರ ಚಿತ್ರದೊಳಗೇ ಒಂದು ತಮಾಷೆ ಅಡಗಿದೆ ಎಂದು ನನಗನ್ನಿಸುತ್ತದೆ.

ವ್ಯಂಗ್ಯಚಿತ್ರಕಾರರು ಎತ್ತಿಕೊಳ್ಳುವುದೂ ಈ ಭಂಗಿಯನ್ನೇ. ಸಾಲಾಗಿ ಮೂವರು, ನಡುವಿನವನ ಕೈ ಹಣೆಗೆ. ಇಷ್ಟಿದ್ದರೆ ಸಾಕು. ಕುದುರೆ ಬದಲು ಏನೇ ಬರೆಯಿರಿ, ರಷ್ಯನ್ನರು ತಟ್ಟನೆ ಗುರುತು ಹಿಡಿಯುತ್ತಾರೆ.

ದಾರಿ ಕವಲಿನ ಕಲ್ಲು

ವಾಸ್ನೆತ್ಸೊವನದೇ ‘ಕವಲು ದಾರಿಯಲ್ಲಿ ವೀರ’ (1882) ಚಿತ್ರವನ್ನೂ ವ್ಯಂಗ್ಯಚಿತ್ರಕಾರರು ಹಾಗೆಯೇ ಎತ್ತಿಕೊಳ್ಳುತ್ತಾರೆ. ನೇರ ಹೋದರೆ ಜೀವಂತ ಉಳಿಯುವುದಿಲ್ಲ ಎಂದು ಕಲ್ಲಿನ ಮೇಲಿದೆ. ನಗೆಚಿತ್ರದಲ್ಲಿ ವೀರ, ಕುದುರೆ, ಕಲ್ಲು ಎಲ್ಲ ಅಲ್ಲೇ ಇರುತ್ತವೆ, ಬರಹ ಮಾತ್ರ ಬದಲಾಗುತ್ತದೆ.

ವ್ರುಬೆಲ್

ಇನ್ನೊಬ್ಬ ರಷ್ಯನ್ ಚಿತ್ರಕಾರ ವ್ರುಬೆಲ್. 1898-99ರ ಅವನ ‘ಬೊಗತೀರ್’ ಬೇರೆಯೇ ದಾರಿ ಹಿಡಿದಿದೆ. ಸವಾರನೂ ದಪ್ಪ, ಕುದುರೆಯೂ ದಪ್ಪ, ಕಾಲ ಬಳಿ ಎಳೆಯ ಫರ್ ಗಿಡಗಳು. ಇದನ್ನು ಅಣಕಿಸುವುದು ಕಷ್ಟ. ಉಬ್ಬಿಸಬೇಕಾದ್ದನ್ನೆಲ್ಲ ಅವನೇ ಉಬ್ಬಿಸಿ ಮುಗಿಸಿದ್ದಾನೆ.